ಎಂ. ಬತ್ತೇರಿಯ ಎಡ ಮುಂಗಾಲು

ನೀವು ನಂಬುವುದಿಲ್ಲ, ಅದು ನನಗೆ ಗೊತ್ತು. ಆದರೂ ಹೇಳುತ್ತೇನೆ. ಹೋದ ತಿಂಗಳು ಗ್ರಹಣ ಹಿಡಿದ ಬೆಳಿಗ್ಗೆ, ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿರುವ ನಮ್ಮ ಬೀದಿಯವರು ಅಷ್ಟೂ ಜನ ಸೂರ್ಯನನ್ನು ನೋಡಿದ್ದು ನನ್ನ ನಾಯಿಯ ಎಡ ಮುಂಗಾಲಿನ ಒಳಗಿಂದ.

ಬೇರೆ ಬೀದಿಗಳಲ್ಲಿ ಬಕೆಟ್ಟಿಗೆ ಸಗಣಿ ನೀರು ಕದಡಿ ಅದರಲ್ಲಿ ನೋಡಿದರಂತೆ. ಪಾಪ. ನಮ್ಮ ಬೀದಿಯಲ್ಲಿ ಎಕ್ಸ್‌ರೇ ಇತ್ತು. ಎಕ್ಸ್‌ರೇ ಶೀಟು ಹಿಡಿದು ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ ಅಂತ ನಮ್ಮ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಹಿಂದಿನ ದಿನವೇ ಮನೆ ಮನೆಗೆ ಹೇಳಿಕೊಂಡು ಬಂದಿದ್ದರು. ಹೇಳಿದವರು ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಬಂದು ನಮ್ಮ ಸಾಲಿನಲ್ಲಿ ಮೂರನೆಯವರಾಗಿ ನಿಂತರು. ಮೋಡ ಒಂದೈದು ನಿಮಿಷ ಸರಿದಾಗ ಒಬ್ಬೊಬ್ಬರೂ ಶೀಟನ್ನು ಮುಖಕ್ಕೆ ಹಿಡಿದು, ಯಾರೋ ಕಚ್ಚಿಟ್ಟ ದೋಸೆಯಂತಿದ್ದ ಸೂರ್ಯನನ್ನು ನೋಡಿದರು. ಆಮೇಲೆ ಸೂರ್ಯನನ್ನು ಬಿಟ್ಟು ಮೂಳೆಯನ್ನು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಬಿಳಿ ಅಕ್ಷರ ಓದಿ, ಎಂ. ಬತ್ತೇರಿ, ಏಳು ವರ್ಷ, ಗಂಡು ಅಂತ ಇದೆಯಲ್ಲ, ನಿಮ್ಮ ನಾಯಿ ಯಾವಾಗ ಹುಡುಗ ಆಯಿತು ಅಂತ ಕೇಳಿದರು.

ಕೇಳಿದ ಮೇಲೆ ಹೇಳದೆ ಇರುವ ಸ್ವಭಾವ ನನ್ನದಲ್ಲ. ಕೇಳದಿದ್ದರೂ ಹೇಳುವವನು ನಾನು. ಆವತ್ತು ಬೀದಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಬೀದಿಗೆ ಹೇಳದೆ ಬಿಟ್ಟದ್ದನ್ನೂ ಸೇರಿಸಿ.

ಬತ್ತೇರಿ ನಮ್ಮ ನಾಯಿ. ಅದು ನಮ್ಮ ಮನೆಗೆ ಬಂದಾಗ ನಾನು ಒಂಬತ್ತನೇ ಕ್ಲಾಸು. ಅವ್ವನ ತಮ್ಮ, ಅಂದರೆ ನನ್ನ ಮಾವ, ಲಾರಿಯಲ್ಲಿ ತರಕಾರಿ ತುಂಬಿಕೊಂಡು ಸುಲ್ತಾನ್ ಬತ್ತೇರಿಗೆ ಹೋಗುತ್ತಾನೆ. ಹಾಗೆ ಹೋದವನು ಒಂದು ದಿನ ಖಾಲಿ ಟೊಮೆಟೊ ಕ್ರೇಟಿನಲ್ಲಿ ಎರಡು ತಿಂಗಳ ಮರಿಯೊಂದನ್ನು ಕೂರಿಸಿಕೊಂಡು ಬಂದ. ಇದು ಅಸಲಿ ಆಲ್ಸೇಷನ್, ಅಲ್ಲಿಯ ಕಾಫಿ ತೋಟದವರು ಪ್ರೀತಿಯಿಂದ ಕೊಟ್ಟರು ಅಂದ. ನಾನು ರಾಕಿ ಅಂತ ಹೆಸರಿಡಬೇಕೆಂದಿದ್ದೆ. ಆದರೆ ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಇಪ್ಪತ್ತು ವರ್ಷದಿಂದ ಜನರನ್ನು ಅವರು ಹತ್ತಿದ ಸ್ಟಾಪಿನ ಹೆಸರಿನಿಂದಲೇ ಕರೆದು ಅಭ್ಯಾಸ. ಬೇಗೂರು, ಒಳಕ್ಕೆ ಹೋಗಿ. ತೆರಕಣಾಂಬಿ, ಚೀಲ ತೆಗೀರಿ. ಡ್ಯೂಟಿ ಮುಗಿಸಿ ಬಂದವನು ಮರಿಯನ್ನು ನೋಡಿ, ಎಲ್ಲಿಂದ ಬಂತು ಅಂತ ಕೇಳಿದ. ಬತ್ತೇರಿ ಅಂದೆವು. ಅಲ್ಲಿಗೆ ನಾಮಕರಣ ಮುಗಿಯಿತು.

ಮರಿಗೆ ಕನ್ನಡ ಬರುವುದಿಲ್ಲ ಅಂತ ಕಂಡುಹಿಡಿದವನು ಇಮ್ರಾನ್. ಇಮ್ರಾನ್ ಪಕ್ಕದ ಮನೆಯವನು, ನನ್ನ ಕ್ಲಾಸಿನವನು. ಅವರಪ್ಪ ಬಸ್ಸು ಜೀಪುಗಳ ಸೀಟಿಗೆ ಕುಶನ್ ಹೊಲಿಯುತ್ತಾರೆ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ ಮಾತಾಡುವವನಾದ್ದರಿಂದ ಭಾಷೆಯ ವಿಷಯದಲ್ಲಿ ಅವನು ಹೇಳಿದ್ದೇ ಕೊನೆ. 'ಬಾ' ಅಂದರೆ ಮರಿ ಬರುತ್ತಿರಲಿಲ್ಲ. ಮಲೆಯಾಳದಲ್ಲಿ 'ವಾ' ಅಂದರೂ ಬರುತ್ತಿರಲಿಲ್ಲ, ಆದರೆ ತಲೆ ಎತ್ತಿ ನೋಡುತ್ತಿತ್ತು. ಇಷ್ಟು ಸಾಕ್ಷಿ ಇಟ್ಟುಕೊಂಡು ನಾವು ಒಂದು ತಿಂಗಳು ಅದರ ಜೊತೆ ಮಲೆಯಾಳ ಮಾತಾಡಿದೆವು. ನಮಗೆ ಗೊತ್ತಿದ್ದದ್ದು ಆ ಒಂದೇ ಪದ.

ನಾನು ಆಗಲೇ ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದೆ, ಯುಗಾದಿ ಹೊತ್ತಿಗೆ ನನ್ನ ನಾಯಿ ಕರುವಿನ ಎತ್ತರ ಆಗುತ್ತದೆ ಅಂತ. ಹೇಳಿದ ಮೇಲೆ ಅದು ಆಗಬೇಕಲ್ಲ. ಬಾಗಿಲ ಚೌಕಟ್ಟಿಗೆ ಅದನ್ನು ಒರಗಿಸಿ ನಿಲ್ಲಿಸಿ, ಪ್ರತಿ ಭಾನುವಾರ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ. ಗೆರೆ ಮೇಲಕ್ಕೆ ಹೋಗಲು ತಡ ಮಾಡಿದಾಗ ನಾನೇ ಸ್ವಲ್ಪ ಕೈಹಾಕಿದೆ. ಅವ್ವ ಹಾಕುವ ಮುದ್ದೆ ಸಾರಿನ ಮೇಲೆ ದಿನಕ್ಕೆ ಎರಡು ಮೊಟ್ಟೆ, ಅಕ್ಕನ ಪಾಲಿನ ಹಾಲು, ಇವುಗಳ ಜೊತೆಗೆ ಅವ್ವನ ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ, ಬೆಲ್ಲದ ಉಂಡೆಯಲ್ಲಿ ಮುಚ್ಚಿ. ಡಬ್ಬಿ ಬೇಗ ಬೇಗ ಖಾಲಿಯಾದಾಗ ಅವ್ವ, ತಾನೇ ಮರೆತು ಎರಡೆರಡು ಸಲ ನುಂಗಿರಬೇಕು ಅಂದುಕೊಂಡಳು. ಅವಳ ಮಂಡಿ ಇದ್ದ ಹಾಗೇ ಇತ್ತು. ನಾಯಿಯ ಗೆರೆ ಮೇಲೇರಿತು.

ಈಗ ಇದನ್ನು ಇಲ್ಲಿಗೆ ನಿಲ್ಲಿಸಿ ನನ್ನ ಎಡಗಾಲಿನ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ತಿಳಿಯುವ ಹಾಗಿದ್ದರೂ ನಾನು ಹೇಳುತ್ತಿದ್ದೆ.

ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವರಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಸೊಂಟ ಹಿಡಿದುಕೊಂಡವರು, ಉಳುಕಿದವರು, ಹೊತ್ತು ಹುಟ್ಟುವ ಮುಂಚೆ ಅಂಥವರ ಮನೆಗೆ ಬರುತ್ತಾರೆ. ಇವರು ಎದ್ದು, ಮುಖ ತೊಳೆಯದೆ, ಆ ನೋವಿನ ಜಾಗಕ್ಕೆ ಎಡಗಾಲಿನಲ್ಲಿ ಮೂರು ಸಲ ಮೆಲ್ಲಗೆ ಒದೆಯಬೇಕು. ಹೀಗೆ ಮೂರು ಬೆಳಿಗ್ಗೆ ಒದ್ದರೆ ನೋವು ಹೋಗುತ್ತದೆ ಅಂತ ನಂಬಿಕೆ. ನಮ್ಮ ಬೀದಿಗೆ ಆ ಕಾಲು ನನ್ನದು. ಅಪ್ಪನ ತಾಯಿ, ನನ್ನ ಅಜ್ಜಿ, ಇದ್ದಷ್ಟು ದಿನ ಬಂದವರನ್ನು ಜಗಲಿಯ ಮೇಲೆ ಕೂರಿಸಿ, ನಿದ್ದೆಗಣ್ಣಿನ ನನ್ನನ್ನು ಎತ್ತಿಕೊಂಡು ಬಂದು ನಿಲ್ಲಿಸಿ, ಒದಿ ಮಗ ಅನ್ನುತ್ತಿದ್ದಳು. ನಾಲ್ಕನೇ ವಯಸ್ಸಿನಿಂದ ನಾನು ದೊಡ್ಡವರನ್ನು ಒದ್ದುಕೊಂಡು ಬಂದಿದ್ದೇನೆ. ಅಂಗಡಿಯವರನ್ನು ಒದ್ದಿದ್ದೇನೆ. ಸೈನ್ಸ್ ಮೇಷ್ಟ್ರನ್ನು ಎರಡು ಸಲ ಒದ್ದಿದ್ದೇನೆ. ಆಮೇಲೆ ಸೈನ್ಸಿನಲ್ಲಿ ನನಗೆ ಮಾರ್ಕ್ಸ್ ಕಡಿಮೆ ಬಂದದ್ದು ಬೇರೆ ಕಾರಣಕ್ಕೆ.

ನನ್ನ ಕಾಯಂ ಗಿರಾಕಿ ಅಂದರೆ ಇಮ್ರಾನನ ದಾದಿ, ಅವರಪ್ಪನ ತಾಯಿ. ತಿಂಗಳಿಗೊಮ್ಮೆ ಸೊಂಟಕ್ಕೆ ಕೈಕೊಟ್ಟುಕೊಂಡು ಬರುತ್ತಿದ್ದಳು. ಮೂರನೇ ಬೆಳಿಗ್ಗೆ ಒದ್ದು ಮುಗಿಸಿದ ಮೇಲೆ ನೆಟ್ಟಗೆ ನಿಂತು, ಇದು ಕಾಲಲ್ಲ ಬೇಟಾ, ದವಾಖಾನೆ ಅನ್ನುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಬರುತ್ತಿದ್ದಳು.

ನಮ್ಮ ಬೀದಿಯಲ್ಲಿ ನನ್ನಿಂದ ಒದೆಸಿಕೊಳ್ಳದೆ ಉಳಿದ ಗಂಡಸು ಒಬ್ಬನೇ, ನಮ್ಮಪ್ಪ. ಇಡೀ ದಿನ ಬಸ್ಸಿನಲ್ಲಿ ನಿಂತೇ ಕೆಲಸ ಮಾಡುವವನಿಗೆ ಸೊಂಟ ನೋವು ಬಾರದೆ ಇರುತ್ತದೆಯೇ. ಬಂದಾಗ ಚಾಪೆಯ ಮೇಲೆ ಬೋರಲು ಮಲಗಿ ಅಕ್ಕನನ್ನು ಕರೆದು, ಕಾಲಿನಲ್ಲಿ ಸೊಂಟ ಒತ್ತಿಸಿಕೊಳ್ಳುತ್ತಿದ್ದ. ಬೀದಿಗೆಲ್ಲ ಬೇಕಾದ ಕಾಲು ಪಕ್ಕದಲ್ಲೇ ನಿಂತಿದ್ದರೂ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಮಾತು ಬಂದಾಗಲೆಲ್ಲ ಅವ್ವನಿಗೆ ಅಡಿಗೆಮನೆಯಲ್ಲಿ ಏನಾದರೂ ಸೀಯುತ್ತಿತ್ತು. ಅಕ್ಕ ಹಗುರ ಇದ್ದಾಳೆ, ಅದಕ್ಕೇ ಅವಳನ್ನು ಕರೆಯುವುದು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಪಿಯುಸಿಗೆ ಬಂದು ನನಗಿಂತ ಎರಡು ಸುತ್ತು ದಪ್ಪಗಾದ ಮೇಲೂ ಅದೇ ಸಮಾಧಾನವನ್ನು ಮುಂದುವರಿಸಿದ್ದೆ.

ಬತ್ತೇರಿಗೆ ಏಳು ತಿಂಗಳು ತುಂಬಿದ ವಾರ, ಅವರೆಕಾಯಿ ಕಾಲ, ಚಳಿ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಅದು ಎಡ ಮುಂಗಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದುಕೊಂಡು ನಿಂತಿದೆ. ಮುಳ್ಳು ಚುಚ್ಚಿಲ್ಲ, ಊತ ಇಲ್ಲ, ಗಾಯ ಇಲ್ಲ. ರಾತ್ರಿ ಹಾಕಿದ ಮುದ್ದೆ ತಟ್ಟೆಯಲ್ಲೇ ಒಣಗಿತ್ತು. ಮಧ್ಯಾಹ್ನದ್ದೂ ಹಾಗೇ ಉಳಿಯಿತು. ಅವರೆಕಾಳಿನ ಸಾರಿಗೆ ಮೂಳೆ ಹಾಕಿ ಕೊಟ್ಟರೂ ಮೂಸಿ ಮುಖ ತಿರುಗಿಸಿತು. ಸಂಕಷ್ಟಿ ಇರಬೇಕು ಅಂದಳು ಅಕ್ಕ. ರೋಜಾ ಇರಬೇಕು ಅಂದ ಇಮ್ರಾನ್, ರಂಜಾನ್ ಮುಗಿದು ತಿಂಗಳುಗಳೇ ಆಗಿದ್ದವು. ಅವ್ವ ಮಾತ್ರ ತಮಾಷೆ ಮಾಡಲಿಲ್ಲ. ತನ್ನ ಸಾರನ್ನು ಬೇಡ ಅಂದವರು ಆ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

'ಬೀದಿಲಿ ನಿಂತ್ಕಂಡು ನನ್ ನಾಯಿ ಇಷ್ಟೆತ್ರ, ಅಷ್ಟೆತ್ರ ಅಂತ ಒಗಳ್ದಲ್ಲ, ಕಣ್ಣು ಬಿದ್ದದ ಕಣ್ಲಾ' ಅಂದಳು ನನಗೆ.

ಮೂರನೇ ದಿನಕ್ಕೆ ಬತ್ತೇರಿ ಮಲಗಿದಲ್ಲಿಂದ ಏಳಲಿಲ್ಲ. ಎತ್ತಿ ಹೊರಗೆ ಒಯ್ಯಬೇಕು, ಎತ್ತಿ ಒಳಗೆ ತರಬೇಕು. ಎತ್ತಿದರೆ ಕುಂಯ್ ಅನ್ನುತ್ತಿತ್ತು. ಅವತ್ತು ಮಾವ ಊಟಕ್ಕೆ ಬಂದಿದ್ದ. ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಅವನಿಗೆ ಒಂದು ಹೊಲ ಇದೆ, ಕಾಡುಹಂದಿ ಕಾಯಲು ಒಂದು ಗುಡಿಸಲು ಇದೆ. ಆ ಗುಡಿಸಲಿಗೆ ಯಾವಾಗಲೂ ಒಂದು ನಾಯಿ ಬೇಕಾಗಿರುತ್ತದೆ, ಯಾಕೆಂದರೆ ಇದ್ದ ನಾಯಿಯನ್ನು ಚಿರತೆ ಒಯ್ದಿರುತ್ತದೆ. ಅಲ್ಲಿಯ ನಾಯಿಗಳಿಗೆ ಹೆಸರಿಡುವುದನ್ನು ಮಾವ ಬಿಟ್ಟುಬಿಟ್ಟಿದ್ದ. ಅವು ಹೆಸರು ಕಲಿಯುವಷ್ಟು ದಿನ ಇರುತ್ತಿರಲಿಲ್ಲ.

ಅಪ್ಪ ಕೆಟ್ಟವನಲ್ಲ. ಎರಡು ಕೋಣೆಯ ಮನೆಯಲ್ಲಿ ಕಟ್ಟಿ ಹಾಕಿದ್ದಕ್ಕೇ ನಾಯಿ ಹೀಗಾಗಿದೆ, ಬಯಲಿನಲ್ಲಿ ಓಡಾಡಿಕೊಂಡಿದ್ದರೆ ಸರಿಹೋಗುತ್ತದೆ ಅಂತ ಅವನ ಲೆಕ್ಕ. ಕೈ ತೊಳೆದುಕೊಂಡು ಬಂದು ಹೇಳಿದ:

'ಈ ಭಾನ್ವಾರ ಬುಟ್ಟು ಮುಂದ್ಲ ಭಾನ್ವಾರ. ಅಷ್ಟೊತ್ಗ ನಾಕು ಕಾಲ್ನಲ್ಲೂ ನಡ್ದು, ತಟ್ಟೆಲಿರಾದ ಉಂಡ್ರ ಇಲ್ಲೇ ಇರ್ಲಿ. ಇಲ್ದಿದ್ರ ನಿಮ್ಮಾವ ಗುಡ್ಲಿಗ ಕರ್ಕಂಡೋಗ್ಲಿ.'

'ಅಲ್ಲಿ ಚಿರ್ತೆ ಅದ ಕಣಪ್ಪ' ಅಂದಳು ಅಕ್ಕ.

'ಚಿರ್ತೆ ಎಲ್ಲಾ ಕಡೆನೂ ಅದ' ಅಂದ ಅಪ್ಪ. ನಮ್ಮ ಬೀದಿಯಲ್ಲಿ ಇರಲಿಲ್ಲ. ಆದರೆ ಕಂಡಕ್ಟರ್ ಹೇಳಿದ ಮೇಲೆ ಬಸ್ಸು ನಿಂತ ಕಡೆ ಇಳಿಯಬೇಕು, ಅಷ್ಟೇ.

ಇಷ್ಟಾದರೂ ನನಗೆ ಹೆದರಿಕೆ ಆಗಲಿಲ್ಲ. ನನ್ನ ಹತ್ತಿರ ಕಾಲಿತ್ತು. ಗುರುವಾರ, ಶುಕ್ರವಾರ, ಶನಿವಾರ, ಮೂರು ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಎದ್ದು ಬತ್ತೇರಿಯ ಎಡ ಮುಂಗಾಲಿಗೆ ಮೂರು ಮೂರು ಸಲ ಹೆಬ್ಬೆರಳು ತಾಗಿಸಿದೆ. ಅದು ಹೊಸ್ತಿಲಿನ ಹೊರಗೆ, ರಂಗೋಲಿ ಹಾಕುವ ಜಾಗದಲ್ಲೇ ಮಲಗುತ್ತಿತ್ತು. ನನಗಿಂತ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕುವ ಅಕ್ಕ ದಿನಾ ಅದನ್ನು ಕಾಲಿನಲ್ಲಿ ನೂಕಿ ಪಕ್ಕಕ್ಕೆ ಸರಿಸಿರುತ್ತಿದ್ದಳು. ಕಾಯಿಲೆ ಬಿದ್ದ ನಾಯಿಯನ್ನು ಹೀಗೆ ಮಾಡಬಹುದೇ ಅಂತ ನಾನು ಆಕ್ಷೇಪಿಸಿದೆ.

'ಒಂದ್ ಕೈಲಿ ಚೊಂಬು, ಒಂದ್ ಕೈಲಿ ರಂಗೋಲಿ. ಇನ್ನೇನ್ ಮೂಗ್ನಲ್ಲಿ ತಳ್ಳಾದಾ?' ಅಂದಳು.

ಭಾನುವಾರ ಬೆಳಿಗ್ಗೆ ಬತ್ತೇರಿ ಎದ್ದು ಎಡ ಮುಂಗಾಲು ಊರಿ ನಿಂತಿತು. ಇಂಥದ್ದನ್ನು ಒಬ್ಬನೇ ನೋಡಿ ಸುಮ್ಮನಾಗುವುದು ಸರಿಯಲ್ಲ. ಸಂಜೆ ನಾಲ್ಕಕ್ಕೆ ಬನ್ನಿ ಅಂತ ಬೀದಿಗೆಲ್ಲ ಹೇಳಿದೆ. ಬಂದರು. ದಾದಿ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಎಡ ಮುಂಗಾಲಿನ ಬಗ್ಗೆ ನಾಲ್ಕು ಮಾತು ಆಡಿ ಬಾಗಿಲು ತೆರೆದೆ. ಬತ್ತೇರಿ ಹೊರಗೆ ಬಂತು. ಎಡ ಮುಂಗಾಲು ಚೆನ್ನಾಗಿ ಊರಿತ್ತು. ಬಲ ಹಿಂಗಾಲನ್ನು ಎತ್ತಿ ಹಿಡಿದುಕೊಂಡಿತ್ತು.

ಬೀದಿಯವರು ಒಂದು ಸಲ ನಾಯಿಯ ಕಾಲು ನೋಡಿದರು, ಒಂದು ಸಲ ನನ್ನ ಕಾಲು ನೋಡಿದರು.

'ಲೇ ಮಾದೇಶ' ಅಂದ ಇಮ್ರಾನ್. 'ನೀನು ನೋವ ವಾಸಿ ಮಾಡ್ಲಿಲ್ಲ ಕಣ್ಲಾ. ಟ್ರಾನ್ಸ್‌ಫರ್ ಮಾಡ್ಬುಟ್ಟಿದ್ದೀಯ.'

ದಾದಿ ನನ್ನ ಪರ ನಿಂತಳು. ನೋವು ನನ್ನ ಕಾಲಿಗೆ ಹೆದರಿ ಹಿಂದಕ್ಕೆ ಓಡಿದೆ, ಅಟ್ಟಿಸಿಕೊಂಡು ಹೋಗಬೇಕು ಅಂದಳು. ಅಟ್ಟಿಸಿಕೊಂಡು ಹೋದೆ. ಬಲ ಹಿಂಗಾಲಿಗೆ ಎರಡು ಬೆಳಿಗ್ಗೆ ಒದೆಯುವಷ್ಟರಲ್ಲಿ ನೋವು ಬಲ ಮುಂಗಾಲಿಗೆ ಬಂದಿತ್ತು. ಅಷ್ಟರಲ್ಲಿ ಬೀದಿಯವರೂ ಕೈಜೋಡಿಸಿದ್ದರು. ಯಾರು ಯಾವ ದಿನ ನೋಡಿದರೋ ಆ ದಿನದ ಕಾಲಿಗೆ ತಮ್ಮ ತಮ್ಮ ಔಷಧಿ. ಅವ್ವ ಎಡ ಮುಂಗಾಲಿಗೆ ಕಪ್ಪು ದಾರ ಕಟ್ಟಿದಳು. ದಾದಿ ನಾಯಿ ಮುಟ್ಟುವುದಿಲ್ಲ, ಕುರ್ಚಿಯಲ್ಲಿ ಕೂತು ಕೋಲಿನಲ್ಲಿ ತೋರಿಸಿ ಇಮ್ರಾನನ ಕೈಯಲ್ಲಿ ಬಲ ಹಿಂಗಾಲಿಗೆ ಅರಿಶಿನ ಸುಣ್ಣ ಮೆತ್ತಿಸಿದಳು. ಬಲ ಮುಂಗಾಲಿಗೆ ಬಿಸಿ ಮಾಡಿದ ಎಕ್ಕದ ಎಲೆ. ಎಡ ಹಿಂಗಾಲು ಒಂದೇ ಬರಿದಾಗಿ ಕಾಣುತ್ತದೆ ಅಂತ ಇಮ್ರಾನ್ ಅದಕ್ಕೆ ಕುಶನ್ನಿನ ರೆಕ್ಸಿನ್ ಸುತ್ತಿದ. ಸಂಜೆ ಮನೆಗೆ ಬಂದ ಅಪ್ಪ ಬಾಗಿಲಲ್ಲೇ ನಿಂತು, ಇದು ನಾಯಿಯೋ, ಎಲ್ಲಿಗಾದರೂ ಮೆರವಣಿಗೆ ಹೊರಟಿದೆಯೋ ಅಂತ ಕೇಳಿದ. ಆದರೆ ಬತ್ತೇರಿಯ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ನಾನು ಪೆನ್ಸಿಲಿನ ಗೆರೆ ಹಾಕುವುದನ್ನು ನಿಲ್ಲಿಸಿದ್ದೆ.

ಡಾಕ್ಟರ ಹತ್ತಿರ ಹೋಗೋಣ ಅಂತ ಹಟ ಹಿಡಿದವಳು ಅಕ್ಕ. ನಮ್ಮೂರಿನ ದನದ ಡಾಕ್ಟರು ಆ ವಾರ ಹಳ್ಳಿಗಳ ಕ್ಯಾಂಪಿನಲ್ಲಿದ್ದರು. ಹಾಗಾಗಿ ಗುರುವಾರ ಅಪ್ಪನ ಬಸ್ಸಿನಲ್ಲೇ ಚಾಮರಾಜನಗರಕ್ಕೆ ಹೊರಟೆವು. ಕಾಲಿನ ಅಲಂಕಾರವನ್ನೆಲ್ಲ ಅಕ್ಕ ಬಿಚ್ಚಿದ್ದಳು, ಅವ್ವನ ದಾರ ಒಂದು ಬಿಟ್ಟು. ಹಿಂದಿನ ಸೀಟಿನಲ್ಲಿ ನಾನು, ಅಕ್ಕ, ನಮ್ಮಿಬ್ಬರ ಕಾಲ ಮೇಲೆ ಬತ್ತೇರಿ. ಡ್ಯೂಟಿಯ ಮೇಲಿದ್ದಾಗ ಅಪ್ಪನಿಗೆ ನೆಂಟರಿಲ್ಲ. ಮುಂದಿನಿಂದ ಟಿಕೆಟ್ ಕೊಡುತ್ತಾ ಬಂದವನು ನಮ್ಮ ಮುಂದೆ ನಿಂತು, ಎಲ್ಲಿಂದ ಅಂತ ಕೇಳಿದ. ಮನೆಯಿಂದ ಅಂದೆ. ಅವನು ನಗಲಿಲ್ಲ. ನಾಯಿಗೂ ಒಂದು ಲಗೇಜ್ ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಅಲ್ಲಿ ಇದ್ದವರು ಒಬ್ಬ ಡಾಕ್ಟರಮ್ಮ. ಅವರು ಮೊದಲು ಕೀಲುಗಳನ್ನು ಮಡಿಸಿ ನೋಡಿದರು, ಬತ್ತೇರಿ ಸುಮ್ಮನಿತ್ತು. ಆಮೇಲೆ ಕೀಲು ಬಿಟ್ಟು ಉದ್ದ ಮೂಳೆಯ ನಡುಭಾಗವನ್ನು ಬೆರಳಿನಲ್ಲಿ ಒತ್ತಿದರು. ಬತ್ತೇರಿ ಕಿರುಚಿತು. ಮೊದಲು ನೋವು ಕಂಡ ಎಡ ಮುಂಗಾಲಿನದು ಒಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಅಂತ ಚೀಟಿ ಬರೆದರು. ಪಕ್ಕದ ರಸ್ತೆಯ ಎಕ್ಸ್‌ರೇ ಅಂಗಡಿಯಲ್ಲಿ ಮನುಷ್ಯರ ಸಾಲು ಮುಗಿಯುವ ತನಕ ಕಾದೆವು. ಶೀಟು ತೆಗೆಯುವವನಿಗೆ ಹೆಸರು, ಇನಿಷಿಯಲ್, ವಯಸ್ಸು ಇಲ್ಲದೆ ಮೆಷಿನ್ ಮುಟ್ಟುವ ಅಭ್ಯಾಸ ಇರಲಿಲ್ಲ. ಹೆಸರು ಹೇಳಿದೆ. ಇನಿಷಿಯಲ್ ನನ್ನ ಹೆಸರಿನಿಂದ ಕೊಟ್ಟೆ. ವಯಸ್ಸು ಏಳು ಅಂದೆ. ತಿಂಗಳು ಅನ್ನುವಷ್ಟರಲ್ಲಿ ಅವನು ಬರೆದಾಗಿತ್ತು.

ಡಾಕ್ಟರಮ್ಮ ಶೀಟನ್ನು ಕಿಟಕಿಗೆ ಹಿಡಿದು ಮೂಳೆಯೊಳಗೆ ಒಂದು ಕಡೆ ಮೋಡದ ಹಾಗೆ ಬೆಳ್ಳಗಿದ್ದದ್ದನ್ನು ತೋರಿಸಿದರು. ದೊಡ್ಡ ಜಾತಿಯ ನಾಯಿಗಳು ಜೋರಾಗಿ ಬೆಳೆಯುವ ವಯಸ್ಸಿನಲ್ಲಿ ಮೂಳೆಯ ಒಳಗೇ ಹೀಗೆ ನೋವು ಬರುತ್ತದಂತೆ. ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು, ಅದರ ದಾರಿಯೇ ಹಾಗಂತೆ. ಮೈ ಬಿಸಿಯಾಗುತ್ತದೆ, ಊಟ ಸೇರುವುದಿಲ್ಲ. ಬೆಳವಣಿಗೆ ಮುಗಿದ ಮೇಲೆ ತಾನಾಗಿ ಹೋಗುತ್ತದೆ. ಅಲ್ಲಿಯ ತನಕ ಬಂದು ಹೋಗಿ ಮಾಡುತ್ತಿರುತ್ತದೆ, ಕೆಲವು ತಿಂಗಳೇ ಹಿಡಿಯಬಹುದು. ಈಗ ಹತ್ತು ದಿನ ಆಡಿಸಬಾರದು, ನೆಗೆಸಬಾರದು, ತಾವು ಕೊಟ್ಟ ಮಾತ್ರೆ ಬಿಟ್ಟು ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು.

'ಏನೇನು ತಿನ್ನಿಸ್ತೀರಿ?' ಅಂತ ಕೇಳಿದರು.

ನಾನು ಗೋಡೆಯ ಮೇಲಿನ ಹಸುವಿನ ಪಟ ನೋಡಿದೆ. ಅಕ್ಕ ಶಾಂತವಾಗಿ ಹೇಳತೊಡಗಿದಳು. ಮೊಟ್ಟೆ, ಹಾಲು, ಅವ್ವನ ಕ್ಯಾಲ್ಸಿಯಂ, ಬೆಲ್ಲದ ಉಂಡೆ ಎಷ್ಟು ದಪ್ಪ ಅನ್ನುವುದನ್ನೂ ಬೆರಳಿನಲ್ಲಿ ತೋರಿಸಿದಳು. ಬೆಳೆಯುವ ನಾಯಿಗೆ ಹೀಗೆ ಮೇಲಿಂದ ಮೇಲೆ ತುರುಕುವುದು ಒಳ್ಳೆಯದಲ್ಲ, ಇವತ್ತೇ ನಿಲ್ಲಿಸಿ ಅಂದರು ಡಾಕ್ಟರಮ್ಮ. ಹೊರಗೆ ಬಂದ ಮೇಲೆ, ಅವ್ವನಿಗೆ ಗೊತ್ತಾ ಅಂತ ಅಕ್ಕನನ್ನು ಕೇಳಿದೆ. ಇನ್ನೂ ಇಲ್ಲ ಅಂದಳು. ಆ 'ಇನ್ನೂ' ಅನ್ನುವ ಪದಕ್ಕೆ ಹೆದರಿ ನಾನು ಹತ್ತು ದಿನ ಅವಳು ಹೇಳಿದ್ದನ್ನೆಲ್ಲ ಮಾಡಿದೆ. ಅವಳ ಸೈಕಲ್ಲನ್ನೂ ತೊಳೆದೆ.

ವಾಪಸ್ ಬರುವಾಗಲೂ ಅಪ್ಪನದೇ ಬಸ್ಸು. ಟಿಕೆಟ್ ಕೊಟ್ಟಾದ ಮೇಲೆ, ಡಾಕ್ಟರು ಏನಂದರು ಅಂತ ಕೇಳಿದ. ಭಾನುವಾರದ ಒಳಗೆ ಸರಿಹೋಗುತ್ತದಂತೆ ಅಂದೆ. ಅಕ್ಕ ಕಿಟಕಿಯ ಹೊರಗೆ ನೋಡಿದಳು. ಅಪ್ಪ ತಲೆಯಾಡಿಸಿ ಹೋದ. ಭಾನುವಾರಕ್ಕೆ ಉಳಿದಿದ್ದದ್ದು ಮೂರು ದಿನ, ಡಾಕ್ಟರಮ್ಮ ಹೇಳಿದ್ದು ತಿಂಗಳು. ಬತ್ತೇರಿ ನನ್ನ ಎಡಗಾಲಿನ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಪಾದ ಜೋಮು ಹಿಡಿದಿತ್ತು, ಗುಂಡ್ಲುಪೇಟೆ ಬರುವ ತನಕ ನಾನು ಅಲುಗಿಸಲಿಲ್ಲ. ಆ ಬೆಟ್ಟದ ಬುಡದ ಗುಡಿಸಲು ನಾನು ನೋಡಿದ್ದೆ. ಅದಕ್ಕೆ ಬಾಗಿಲಿರಲಿಲ್ಲ.

ಮುಂದಿನ ಮೂರು ದಿನ ನಡೆದದ್ದನ್ನು ಗ್ರಹಣದ ದಿನ ನಾನು ಬೀದಿಗೆ ಹೇಳಲಿಲ್ಲ. ಅಕ್ಕ ಬತ್ತೇರಿಯನ್ನು ಒಳಮನೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದಳು. ಯಾರೂ ಕರೆಯಬಾರದು, ಯಾರೂ ಒರಗಿಸಿ ನಿಲ್ಲಿಸಬಾರದು ಅಂದಳು. ರಾಗಿ ಗಂಜಿಗೆ ಸ್ವಲ್ಪ ಮೂಳೆ ಸಾರು ಬೆರೆಸಿ, ಬೆರಳಲ್ಲಿ ಅದ್ದಿ ಅದರ ಬಾಯಿಗೆ ಸವರಿದಳು. ಮೊದಲು ನೆಕ್ಕಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಸವರಿದಳು. ಅವಳಿಗೆ ಪರೀಕ್ಷೆ ಹತ್ತಿರ ಇತ್ತು, ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಗಂಜಿ. ಗಂಜಿ ಹೊಟ್ಟೆಗೆ ಹೋದ ಮೇಲೆ ಮಾತ್ರೆ. ಬೆಳಿಗ್ಗೆ ಮಾತ್ರ ಅದು ತಾನೇ ತೆವಳಿ ಹೊಸ್ತಿಲಿನ ಹೊರಗೆ ಹೋಗಿ ಮಲಗುತ್ತಿತ್ತು, ಅವಳು ಯಥಾಪ್ರಕಾರ ಕಾಲಿನಲ್ಲಿ ಸರಿಸಿ ರಂಗೋಲಿ ಹಾಕುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ. ನೋವು ಯಾವ ಕಾಲಿನಲ್ಲಿದ್ದರೂ ತಪ್ಪಿಸಿಕೊಳ್ಳದ ಹಾಗೆ ದಿನಾ ನಾಲ್ಕೂ ಕಾಲಿಗೆ ಒದ್ದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾವ ಲಾರಿ ತಂದು ಮನೆ ಮುಂದೆ ನಿಲ್ಲಿಸಿದ. ಹಗ್ಗವನ್ನೂ ತಂದಿದ್ದ. ಅಪ್ಪ ಲುಂಗಿ ಉಟ್ಟು ಜಗಲಿಯ ಮೇಲೆ ಕೂತು, ಬುಡ್ಲಾ ನಾಯಿನ ಅಂದ. ಬಿಡಲು ಅದನ್ನು ಕಟ್ಟಿರಲಿಲ್ಲ, ಅದು ಹೊಸ್ತಿಲ ಪಕ್ಕ ಮಲಗಿತ್ತು. ಬಾ ಅಂದೆ. ಕಿವಿ ಅಲ್ಲಾಡಿತು. ವಾ ಅಂದೆ. ತಲೆ ಎತ್ತಿ ನೋಡಿ ಮತ್ತೆ ಇಟ್ಟಿತು. ಮಾವ ಹಗ್ಗದ ಗಂಟು ಸಡಿಲಿಸಿದ. ಅಷ್ಟು ಹೊತ್ತಿಗೆ ಬೀದಿಯ ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದ ಅಕ್ಕ ಅದರ ತಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಳು. ಟಣ್ ಅಂತು. ಬತ್ತೇರಿ ಎದ್ದಿತು. ಮುಂದಿನ ಕಾಲು ಚಾಚಿ, ಹಿಂದಿನ ಕಾಲು ಚಾಚಿ, ಮೈ ಮುರಿದು, ನಾಲ್ಕೂ ಕಾಲು ಊರಿಕೊಂಡು ನಲ್ಲಿಯ ತನಕ ನಡೆಯಿತು. ನಿಧಾನವಾಗಿ, ಆದರೆ ನಾಲ್ಕರಲ್ಲೂ. ಅಕ್ಕ ಅರ್ಧ ಮುದ್ದೆ ಹಾಕಿದಳು. ತಿಂದಿತು. ತಟ್ಟೆಯನ್ನು ನೆಕ್ಕುತ್ತಾ ಚರಂಡಿಯ ತನಕ ತಳ್ಳಿಕೊಂಡು ಹೋಯಿತು.

ಅಪ್ಪ ಎದ್ದು ಹೋಗಿ ಲಾರಿಯ ಬದಿಗೆ ಎರಡು ಸಲ ಕೈಯಲ್ಲಿ ತಟ್ಟಿ, 'ರೈಟ್' ಅಂದ. ಮಾವ ಖಾಲಿ ಹಗ್ಗ ತೆಗೆದುಕೊಂಡು ಹೋದ.

ಆಮೇಲೆಯೂ ಎರಡು ಸಲ ಬತ್ತೇರಿ ಕುಂಟಿತು. ಆ ದಿನಗಳಲ್ಲಿ ಅಪ್ಪ ಅದರ ಕಡೆ ನೋಡದೆ ಚಪ್ಪಲಿ ಹಾಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದ. ವರ್ಷ ತುಂಬಿ ಸ್ವಲ್ಪ ದಿನಕ್ಕೆ ನೋವು ಬರುವುದು ನಿಂತಿತು. ಯುಗಾದಿ ಹೊತ್ತಿಗೆ ಕರುವಿನ ಎತ್ತರ ಆಗಲಿಲ್ಲ. ಕರುವೂ ಬೆಳೆಯುತ್ತದೆ ಅನ್ನುವುದನ್ನು ನಾನು ಮರೆತಿದ್ದೆ.

ಈಗ ಗ್ರಹಣದ ಬೆಳಿಗ್ಗೆಗೆ ಬನ್ನಿ. ಗ್ರಹಣ ಬಿಡುವ ತನಕ ಬೀದಿಯಲ್ಲಿ ಯಾರೂ ಏನೂ ತಿನ್ನದೆ ಕಾದಿದ್ದರು, ಬತ್ತೇರಿ ಒಬ್ಬನನ್ನು ಬಿಟ್ಟು. ನಾನು ಜಗಲಿಯ ಮೇಲೆ ನಿಂತು ಎಕ್ಸ್‌ರೇ ಎತ್ತಿ ಹಿಡಿದು, ಈ ಮೋಡದಂತಿರುವ ನೋವನ್ನು ಕಾಲಿನಿಂದ ಕಾಲಿಗೆ ಅಟ್ಟಿಸಿ ಕೊನೆಗೆ ನಾಯಿಯಿಂದಲೇ ಓಡಿಸಿದ್ದು ಈ ಎಡಗಾಲು ಅಂತ ತೋರಿಸಿದೆ. ದಾದಿ ಹೌದೌದು ಅಂದಳು. ಸೈನ್ಸ್ ಮೇಷ್ಟ್ರು ಏನೋ ಹೇಳಲು ಹೋಗಿ, ತಮ್ಮ ಸೊಂಟದ ನೆನಪಾಗಿ ಸುಮ್ಮನಾದರು. ನಿಮ್ಮಕ್ಕನೂ ನೋಡಿಕೊಂಡಳಲ್ಲವಾ ಅಂತ ಯಾರೋ ಕೇಳಿದರು. ನಾನು ನಕ್ಕೆ. ಅವಳೇನು ಮಾಡಿದಳು, ದಿನಾ ಬೆಳಿಗ್ಗೆ ಎದ್ದು ಪಾಪದ ನಾಯಿಯನ್ನು ಕಾಲಿನಲ್ಲಿ ತಳ್ಳಿದಳು, ಅಷ್ಟೇ ಅಂದೆ.

'ಓಲ್ಡಾನ್.'

ಸಾಲಿನ ಹಿಂದಿನಿಂದ ಬಂತು, ಬಸ್ಸು ನಿಲ್ಲಿಸುವ ಆ ಮಾತು. ಅಪ್ಪ ರಾತ್ರಿ ಹಳ್ಳಿಯಲ್ಲಿ ಬಸ್ಸು ನಿಲ್ಲಿಸಿಕೊಂಡು ಮಲಗಿದ್ದು, ಮೊದಲ ಟ್ರಿಪ್ ಮುಗಿಸಿ ಬಂದಿದ್ದ. ಕಂಕುಳಲ್ಲಿ ಟಿಕೆಟ್ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

'ದಿನಾ ತಳ್ತಿದ್ಲಾ?' ಅಂತ ಕೇಳಿದ.

'ದಿನಾ' ಅಂದೆ.

'ಯಾವ ಕಾಲ್ನಲ್ಲಿ?'

ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿದ್ದ ಅಕ್ಕ ಹೇಳಿದಳು, 'ಎಡಗಾಲ್ನಲ್ಲಿ. ಯಾಕಪ್ಪ?'

ಅಪ್ಪ ಅವ್ವನ ಮುಖ ನೋಡಿದ. ಈ ಮಾತು ಬಂದಾಗ ಎದ್ದು ಅಡಿಗೆಮನೆಗೆ ಹೋಗುವ ಅವ್ವ ಆವತ್ತು ಹೋಗಲಿಲ್ಲ.

'ಯೋಳ್ಬುಡಿ ಅತ್ಲಾಗಿ' ಅಂದಳು. 'ಅತ್ತೆಮ್ಮನೂ ತೀರೋದ್ರು.'

ಅಪ್ಪ ಟಿಕೆಟ್ ಚೀಲವನ್ನು ಜಗಲಿಯ ಮೇಲೆ ಇಟ್ಟ.

'ಕಾಲು ಮುಂದಾಗಿ ಉಟ್ಟಿದ್ದು ನೀನಲ್ಲ ಕಣ್ಲಾ, ನಿಮ್ಮಕ್ಕ. ನಾವು ಈ ಬೀದಿಗ ಬರಾಕ್ ಮುಂಚೆ. ಎಣ್ಣು ಕೂಸು ಕಂಡೋರ ಸೊಂಟಕ್ಕ ಕಾಲಿಟ್ರ ಚೆಂದಾಗಿರಲ್ಲ ಅಂತ ನಿಮ್ಮಜ್ಜಿ ಬೀದಿಗೆಲ್ಲ ನಿನ್ನೆಸ್ರು ಯೋಳ್ಬುಟ್ಲು. ಅವ್ಳ ಮಾತಿಗ ನಾನು ಸುಮ್ಕಿದ್ದೆ. ನೀನು ಚಾಮರಾಜನಗರದಲ್ಲಿ ಒಟ್ಟೆ ಕುಯ್ದು ತೆಗ್ದ ಕೂಸು. ನಿಂಗ ಕಾಲೂ ಮುಂದಿಲ್ಲ, ತಲೆನೂ ಮುಂದಿಲ್ಲ.'

ಎಲ್ಲರೂ ಅಕ್ಕನ ಪಾದ ನೋಡುತ್ತಿದ್ದರು. ಅಕ್ಕನೂ ಬಗ್ಗಿ ತನ್ನ ಪಾದವನ್ನೇ ನೋಡಿಕೊಳ್ಳುತ್ತಿದ್ದಳು. ದಾದಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಕುರ್ಚಿಯಿಂದ ಎದ್ದಳು.

'ಹಂಗಾದ್ರೆ ಇಷ್ಟ್ ವರ್ಷದಿಂದ' ಅಂದಳು, 'ಇವ್ನು ನನಗೆ ಸುಮ್ನೆ ಒದ್ದಿದ್ದಾ?'

ಅಪ್ಪ ಕೈ ಎತ್ತಿ, 'ರೈಟ್' ಅಂದ.

ಸಾಲು ಚಲಿಸಿತು. ನನ್ನನ್ನು ದಾಟಿ ಅಕ್ಕನ ಕಡೆಗೆ ತಿರುಗಿತು. ಮೊದಲು ದಾದಿ. ಸೈನ್ಸ್ ಮೇಷ್ಟ್ರು ಮತ್ತೆ ಮೂರನೆಯವರು.